ನಾಲ್ಕು ಗೆರೆಯ ಪುಸ್ತಕ

ಕರ್ಸಿವ್ ಬೇಕೋ ಬೇಡವೋ, ಇಷ್ಟೇ ಇತ್ತು ಸಭೆಯ ವಿಷಯ.
ನಾಲ್ಕು ಗೆರೆಯ ಪುಸ್ತಕ, ಒಂದಕ್ಕೆ ಇಪ್ಪತ್ತೆಂಟು ರೂಪಾಯಿ,
ಐದನೇ ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳು.
ಕಿಟಕಿಯಾಚೆ ಶಿಡ್ಲಘಟ್ಟ ಎಂದಿನಂತೆ
ಬೆಂದ ಹುಳುವಿನ ವಾಸನೆ ಹೊತ್ತು ನಿಂತಿತ್ತು.

ಗಂಗುಲಪ್ಪನವರು ಫೋನು ಮೇಜಿನ ಮೇಲಿಟ್ಟರು:
"ಗೂಡಿನ ಮಾರ್ಕೆಟ್ಟಲ್ಲೇ ಚೀಟಿ ಬರೆಯೋದು ನಿಂತೋಯ್ತು ಮೇಡಂ,
ಹರಾಜೆಲ್ಲ ಇದ್ರಲ್ಲೇ. ಇನ್ನು ಇಂಗ್ಲಿಷನ್ನ
ಬಾಲಕ್ಕೆ ಬಾಲ ಗಂಟು ಹಾಕಿ ಬರೆದು ಯಾರಿಗೆ ತೋರಿಸ್ಬೇಕು?"

ನಾನು ಸಿದ್ಧವಾಗಿಯೇ ಬಂದಿದ್ದೆ.
ಊರಿಗೆ ತಕ್ಕ ಉಪಮೆ ರಾತ್ರಿಯೇ ಹೊಸೆದಿಟ್ಟಿದ್ದೆ:
ಕೂಡಿಸಿ ಬರೆಯುವುದೆಂದರೆ ಗೂಡಿನಿಂದ ಎಳೆ ತೆಗೆದ ಹಾಗೆ,
ಪೆನ್ನೆತ್ತದೆ, ತುಂಡಾಗದೆ, ಮೊದಲಿಂದ ಕೊನೆಗೆ ಒಂದೇ ಉಸಿರು.
ಹೇಳಿ, ಚಪ್ಪಾಳೆಗೆ ಕಾಯುವವಳಂತೆ ನಿಂತೆ.

ಹಿಂದಿನ ಬೆಂಚಿನಲ್ಲಿ ಮುಬೀನ್ ತಾಜ್ ನಕ್ಕಳು,
ಹತ್ತೊಂಬತ್ತು ವರ್ಷ ಫಿಲೇಚರಿನಲ್ಲಿ ನಿಂತವಳು.
"ತುಂಡಾಗ್ದೆ ಬರ್ತದಾ ಎಳೆ? ಗಳಿಗೆಗೊಂದ್ಸಲ ಹರೀತದೆ ಟೀಚರಮ್ಮ.
ಬಿಸಿನೀರಲ್ಲಿ ಕೈಯಿಟ್ಟು ತುದಿ ಹುಡುಕೋದೇ ಕೆಲಸ."

ಉಪಮೆ ಅಲ್ಲೇ ಸಿಕ್ಕುಗಟ್ಟಿತು.

ಟೀ ಲೋಟ ಖಾಲಿಯಾಗಿ ಎಲ್ಲ ಹೋದ ಮೇಲೆ
ಅವಳು ಉಳಿದಳು. ಕೈ ಚಾಚಿದಳು.
ಬೆರಳ ತುದಿಗಳು ಬಿಳಿಚಿ, ನುಣ್ಣಗೆ,
ಒಂದು ಗೆರೆಯೂ ಉಳಿದಿರಲಿಲ್ಲ.
ರೇಷನ್ ಅಂಗಡಿಯ ಮಿಷನ್ನು ಮೂರು ತಿಂಗಳಿಂದ
ಇವಳು ಇವಳಲ್ಲ ಅನ್ನುತ್ತಿದೆ.
ಬ್ಯಾಂಕಿನವನು, ಸೈನ್ ಕಲಿತು ಬಾ,
ಪ್ರತಿ ಸಲವೂ ಒಂದೇ ಥರ ಬರಬೇಕು ಅಂದಿದ್ದಾನೆ.

ಮಗಳು ಸುಮೇರಾಳ ಹಳೇ ಪುಸ್ತಕದಲ್ಲಿ ಖಾಲಿ ಹಾಳೆ,
ನಾಲ್ಕು ಗೆರೆಯದೇ. ಬರೆದುಕೊಟ್ಟೆ.
ಮು, ಬೀ, ನ್. ಕ್ಯೂನಲ್ಲಿ ನಿಂತವರಂತೆ
ಪಕ್ಕಪಕ್ಕ, ಮೈಗೆ ಮೈ ತಾಗಿಸದೆ,
ತಮ್ಮ ತಮ್ಮ ಕೊಂಬು ದೀರ್ಘ ತಾವೇ ಹೊತ್ತು.

"ಇದು ನನ್ನ ಥರ ಇಲ್ಲ" ಅಂದಳು.
ಪೆನ್ನು ಕಸಿದುಕೊಂಡು, ಕೊನೆಯ ಅಕ್ಷರದಿಂದ
ಹಿಂದಕ್ಕೆ ಒಂದು ಗೆರೆ ಎಳೆದಳು ಮೂರರ ಕೆಳಗೂ;
ನಡುವೆಲ್ಲೋ ಇಂಕು ತಪ್ಪಿತು,
ತಪ್ಪಿದಲ್ಲೇ ತುದಿ ಹಿಡಿದು ಮತ್ತೆ.

ಆಮೇಲೆ ಹನ್ನೊಂದು ಸಲ ಬರೆದಳು. ಹನ್ನೊಂದೂ ಬೇರೆ ಬೇರೆ.
ಒಂಬತ್ತನೆಯದು ಅವಳಿಗೆ ಇಷ್ಟವಾಯಿತು.

ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು:
ಪುಸ್ತಕದ ವಿಷಯ ಮುಂದಿನ ಸಭೆಗೆ.
ನನ್ನ ಕೈಬರಹ ಚೆನ್ನಾಗೇನೂ ಇಲ್ಲ.
ಹಾಜರಿದ್ದವರ ಸಹಿಯ ಕಾಲಮ್ಮಿನಲ್ಲಿ
ಅವಳ ಹೆಸರಿನ ಮುಂದೆ ಹೆಬ್ಬೆಟ್ಟಿನ ನೀಲಿ ಮಸಿ,
ನಯವಾಗಿ, ಒಂದೂ ಗೆರೆಯಿಲ್ಲದೆ.
ಪಕ್ಕದಲ್ಲಿ ಮೂರು ಬೆರಳಗಲ ಜಾಗ
ಹಾಗೇ ಬಿಟ್ಟಿದ್ದೇನೆ.