ಮೂರು ನೀರು

ನೀಲು ಮಣ್ಣು ತಿಂದಳು.
ಮಕ್ಕಳು ತಿನ್ನುತ್ತಾರೆ. ಬಾಯಿ ತೆಗೆ ಎಂದೆ.
ಹದಿನಾಲ್ಕು ಲೋಕವೇನೂ ಕಾಣಲಿಲ್ಲ ಒಳಗೆ,
ನಾಲಿಗೆಯ ಮೇಲೆ ಬ್ರೋಕನ್ ಹಿಲ್‌ನ ಕೆಂಪು,
ಎರಡು ಹೊಸ ಹಲ್ಲು.
ವಾರದ ಮೇಲೆ, ಅವಳ ಬೆರಳ ತುದಿ ಚುಚ್ಚಿದ ನರ್ಸ್
ಒಂದು ಅಂಕಿ ಬರೆದು, ಕೆಳಗೆ ಗೆರೆ ಎಳೆದಳು.
ಸೀಸ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಸೀಸದ ಏಪ್ರನ್ ತೊಟ್ಟು
ಅದರ ಭಾರವನ್ನೇ ನಂಬಿದವಳು.
ಅಲ್ಲಿ ಅದು ಕಾಯುತ್ತದೆ.
ಇಲ್ಲಿ, ಗಣಿಯ ಗುಡ್ಡದಿಂದ ಹಾರಿ ಹಾರಿ ಬಂದು
ಬಟ್ಟೆ ಒಣಹಾಕುವ ತಂತಿಯ ಕೆಳಗೆ ಕೂತಿದೆ.

ಈ ನೆಲ ಬೇಡ, ನೆಲದ ಮೇಲೊಂದು ನೆಲ ಕಟ್ಟೋಣ ಎಂದೆವು.
ಕರೆಂಟು ಬಿಲ್ಲಿನ ಬೆನ್ನಿಗೆ ಜಯರಾಜ ನಕ್ಷೆ ಬರೆದ:
ಉದ್ದ ಎಂಟಡಿ, ಅಗಲ ಐದು, ಎತ್ತರ ಒಂದು ಮೊಳ.
ನಾನು ಊಟದ ಮೇಜಿನ ಮೇಲೆ ಬೋರಲು ಬಿದ್ದು
ಕೈ ಚಾಚಿ ತೋರಿಸಿದೆ. ನನ್ನ ತೋಳು ಮುಟ್ಟುವುದು ಎರಡಡಿ.
ಆ ಕಡೆಯಿಂದ ಎರಡು, ಈ ಕಡೆಯಿಂದ ಎರಡು.
ನಡುವೆ ಉಳಿಯುವ ಒಂದಡಿ
ಯಾರ ಕೈಗೂ ಸಿಗದೆ ಕಳೆ ಬೆಳೆಯುವ ಜಾಗ.
ನಮ್ಮ ಮದುವೆಯಲ್ಲಿ ಅಂಥದ್ದೊಂದು ಇದೆ, ಅದೇ ಸಾಕು.
ಅವನು ನಕ್ಕು ಐದನ್ನು ಹೊಡೆದುಹಾಕಿ ನಾಲ್ಕು ಮಾಡಿದ.

ಹಳೆ ಬಣ್ಣ ಉದುರುವ ಗೋಡೆಯಿಂದ ದೂರ,
ಪಡುವಣ ಬಿಸಿಲಿಗೆ ಬೇಲಿಯ ಮರೆ,
ತಳಕ್ಕೆ ದಪ್ಪ ಬಟ್ಟೆ, ಬೇರು ಕೆಳಗಿಳಿಯದಂತೆ,
ತಗಡಿನ ಅಂಚಿಗೆ ಸೀಳಿದ ಪೈಪು, ಮಗುವಿನ ಕೈ ಕುಯ್ಯದಂತೆ.
ಮಣ್ಣು ಮಿಲ್ಡುರಾದಿಂದ ಲಾರಿಯಲ್ಲಿ ಬಂತು, ರಸೀದಿ ಸಮೇತ.
ಬೆಟಗೇರಿಯಿಂದ ಅವ್ವ ಫೋನಿನಲ್ಲಿ,
"ಮಣ್ಣಿಗೂ ರೊಕ್ಕ ಕೊಟ್ರೇನವಾ?"
ಆಮೇಲೆ ನಗು ನಿಲ್ಲಿಸಿ,
"ಏನರ ಕಟ್ರಿ. ತಪ್ಪಲಾ ಮಾತ್ರ ಮೂರು ನೀರಾಗ ತೊಳಿ."

ತಗಡು ಕತ್ತರಿಸಿ ಕೊಟ್ಟವರು ಪಕ್ಕದ ಮನೆಯ ಪ್ಯಾಸ್ಕೋ,
ಮೂವತ್ತೊಂದು ವರ್ಷ ಗಣಿಗೆ ಇಳಿದು ಹತ್ತಿದವರು.
ಮೂಲೆಯ ಬೋಲ್ಟು ಬಿಗಿಯುತ್ತ ಒಮ್ಮೆ ಮಾತ್ರ ಕೇಳಿದರು,
"ನಮ್ಮ ಮಣ್ಣಿಗೆ ಏನಾಗಿದೆ?"
ಸಂಜೆ ಬೇಲಿಯ ಮೇಲಿಂದ ಒಂದು ಬೋಗುಣಿ ಟೊಮೆಟೊ.
ಆ ಮಣ್ಣಿನವೇ. ಹೆಂಡತಿ ಇದ್ದಾಗಿನಿಂದ
ಬೀಜ ಕಾಯ್ದಿಟ್ಟು ಬೆಳೆಸಿಕೊಂಡು ಬಂದವು,
ಒಂದೊಂದೂ ಮುಷ್ಟಿಯಷ್ಟು.
ರಾತ್ರಿ ಸಾರು ಮಾಡಿ ನಾನೂ ಜಯರಾಜನೂ ಉಂಡೆವು.
ನೀಲುವಿಗೆ ಮೊಸರನ್ನ ಕಲಸಿದೆ.
ಮರುದಿನ ಅವರು ಕೇಳಿದರು, ಮಗು ತಿಂದಳೇ?
ತಿಂದಳು, ಎಂದೆ.

ಮೆಂತ್ಯ ಐದನೇ ದಿನಕ್ಕೆ ಕತ್ತೆತ್ತಿತು.
ಬದನೆ ಬಹಳ ಯೋಚಿಸಿತು.
ಮೂಲಂಗಿ ಬಟ್ಟೆಯ ತನಕ ಹೋಗಿ ಅಲ್ಲೇ ತಿರುಚಿಕೊಂಡಿತು.

ಆರನೇ ವಾರ ಧೂಳು ಬಂತು.
ಮಧ್ಯಾಹ್ನ ಮೂರಕ್ಕೆ ಬೀದಿದೀಪ ಹೊತ್ತಿದವು.
ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕಿ ಕೂತೆವು.
ಬೆಳಿಗ್ಗೆ ನೋಡಿದರೆ
ಕೊಂಡ ಮಣ್ಣಿನ ಮೇಲೆ ಊರ ಮಣ್ಣು,
ಎಲೆ ಎಲೆಗೂ ಒಂದೊಂದು ಚಿಟಿಕೆ.
ಜಯರಾಜ ಒಳಗೆ ಹೋಗಿ ಆ ಬಿಲ್ಲು ಹುಡುಕಿ ತಂದ,
ಎಲ್ಲಿ ತಪ್ಪಿದೆವು ಎಂದು ನೋಡಲು.
ಅದರಲ್ಲಿ ಆಕಾಶ ಬರೆದಿರಲಿಲ್ಲ.

ಪ್ಯಾಸ್ಕೋ ಗೇಟು ತೆರೆದು ಬಂದರು, ಕೈಯಲ್ಲಿ ಎರಡು ಚಮಚ,
ಸೂಪಿನವು, ಹಿಡಿಯಲ್ಲಿ ಹೂ ಕೆತ್ತಿದವು.
ಅವರೂ ನಾನೂ ಆಚೆಗೊಬ್ಬರು ಈಚೆಗೊಬ್ಬರು ಮಂಡಿಯೂರಿ
ಮೇಲಿನ ಅರ್ಧ ಇಂಚು ಕೆರೆದೆವು, ಗಿಡದ ಬುಡ ತಪ್ಪಿಸಿ.
ನೀಲು ತೆವಳುತ್ತ ಬಂದಳು.
ನಾನು ಏಳುವ ಮೊದಲೇ ಅವರು ಎದ್ದು
ಅವಳನ್ನು ಎತ್ತಿ ಹೊಸ್ತಿಲ ಒಳಗೆ ಕೂರಿಸಿ,
"ನೀನು ಬೇಡ ಮರಿ" ಎಂದು ಬಾಗಿಲು ಎಳೆದುಕೊಂಡರು.
ನನ್ನ ಕಡೆ ನೋಡಲಿಲ್ಲ.

ಒಂದು ಕಟ್ಟು ಮೆಂತ್ಯ ಕಿತ್ತೆ.
ಮೊದಲ ನೀರು ಇಟ್ಟಿಗೆ ಬಣ್ಣ.
ಎರಡನೆಯದು ಚಹಾದ್ದು.
ಮೂರನೆಯದರಲ್ಲಿ ಬೋಗುಣಿಯ ತಳ ಕಂಡಿತು,
ಅದರ ಸಣ್ಣ ಬಿರುಕು ಕೂಡ.
ಬೋಗುಣಿ ಅವರದು, ಇನ್ನೂ ಹಿಂದಿರುಗಿಸಿಲ್ಲ.

ಮತ್ತೆ ನಲ್ಲಿ ತಿರುವಿದೆ.