ಗೊತ್ತಿಲ್ಲದ ಬಾಬ್ತು

ಒಮೆನಾ ಅಂದರೆ ಬೆರಳಿನಷ್ಟೂ ಉದ್ದವಿಲ್ಲದ ಮೀನು.
ಆಚೆ ದಡ ಕಾಣದ ನಮ್ಮ ಸರೋವರದಿಂದ
ರಾತ್ರಿ ಲಾಟೀನು ತೋರಿಸಿ ಕರೆದು ತರುತ್ತಾರೆ.
ನಾನದನ್ನು ಬಿಸಿಲಿಗೆ ಹರವಿ, ಒಣಗಿಸಿ,
ಕಿಸುಮುವಿನ ಸಂತೆಯಲ್ಲಿ ಡಬ್ಬಿಯಿಂದ ಅಳೆದು ಮಾರುತ್ತೇನೆ,
ಮೇಲೊಂದು ಹಿಡಿ ಕೊಸರು ಹಾಕಿ.
ಮೀನಿನ ಅಳತೆಗೆ ನನ್ನ ಕೈ ತಪ್ಪಿದ್ದಿಲ್ಲ.
ಹಣ ಮಾತ್ರ ಯಾವ ಡಬ್ಬಿಗೂ ನಿಲ್ಲಲಿಲ್ಲ.

ಒಕೆಚ್, ನನ್ನ ಗಂಡ, ಬಾಡಿಗೆ ಬೈಕು ಓಡಿಸುತ್ತಾನೆ.
ಹೆಸರಿನ ಅರ್ಥ: ಹಸಿವಿನ ತಿಂಗಳಲ್ಲಿ ಹುಟ್ಟಿದವ.
ಅದಕ್ಕೇ ಇರಬೇಕು, ಕೈತುಂಬ ನೋಟು ಬಂದ ದಿನ
ಇಡೀ ಟಿಲಾಪಿಯಾ ಕರಿಸಿಕೊಂಡು ಬಂದು
ತಿನ್ನಿ, ನಾಳೆಯನ್ನು ಕಂಡವರ್ಯಾರು, ಅನ್ನುತ್ತಾನೆ.
ಕಂಡವಳು ನಾನು.
ಅದು ಬಾಗಿಲಲ್ಲಿ ನಿಂತು ಬಾಡಿಗೆ ಕೇಳುತ್ತದೆ.

ಮೂರನೆಯದು ಹೊಟ್ಟೆಯಲ್ಲಿ ಒದೆಯತೊಡಗಿದಾಗ
ಮಗಳ ಶಾಲೆಯ ಪುಸ್ತಕದ ಹಿಂಬದಿಗೆ ಗೆರೆ ಹಾಕಿಸಿದೆ.
ಅಕೋಥ್‌ಗೆ ಒಂಬತ್ತು ವರ್ಷ. ಅಕ್ಷರ ಗುಂಡು, ಮಾತು ನೆಟ್ಟಗೆ.
ಸೀಮೆಎಣ್ಣೆ. ಉಗಾಲಿ ಹಿಟ್ಟು. ಸಾಬೂನು. ನೀರು, ಮೂರು ಕ್ಯಾನು.
ಬೈಕಿನ ಮಾಲೀಕನಿಗೆ ದಿನದ ಪಾಲು.
ತಮ್ಮನ ಕೆಮ್ಮಿಗೆ ಔಷಧಿ.
ಕೂಡಿಸಿ, ಕಳೆದು, ತಾಳೆಯಾಗದ ಮೊತ್ತದ ಎದುರು
ಅವಳೇ ಬರೆದಳು: ಗೊತ್ತಿಲ್ಲ, ನೂರಾ ನಲವತ್ತು.
ಮರುದಿನ: ಗೊತ್ತಿಲ್ಲ, ತೊಂಬತ್ತು.
ವಾರದ ಕೊನೆಗೆ ನೋಡಿದರೆ
ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಣ್ಣುತ್ತಿದ್ದವನು
ಗೊತ್ತಿಲ್ಲ ಎಂಬ ಅತಿಥಿ.

ಆ ರಾತ್ರಿ ಜಗಳ. ತಗಡಿನ ಗೋಡೆ;
ಪಕ್ಕದವರಿಗೂ ನಮ್ಮ ಲೆಕ್ಕ ಬಾಯಿಪಾಠವಾಯಿತು.
ಅಕೋಥ್ ಪೆನ್ಸಿಲ್ ಕಚ್ಚುತ್ತ ಕಾದಳು.
ಒಂದೊಂದೇ ಹೊರಬಿದ್ದವು:
ಗೆಳೆಯರಿಗೆ ಕುಡಿಸಿದ ಚಹಾ, ಅವನದು.
ಸೋಲುವ ಫುಟ್‌ಬಾಲ್ ತಂಡದ ಮೇಲೆ ಕಟ್ಟಿದ ಐವತ್ತು, ಅವನದೇ.
ಗೆದ್ದೆ ಅಂದುಕೊಂಡೆ.
ಅಷ್ಟರಲ್ಲಿ ಮಗಳು: ಅಮ್ಮಾ, ದೊರ್ಕಾ ಅಜ್ಜಿಗೆ ಕೊಟ್ಟದ್ದು?
ಸಂತೆಯಲ್ಲಿ ನನ್ನ ಪಕ್ಕ ಕೂರುವ ಮುದುಕಿ.
ಮಾರಲು ಅವಳಲ್ಲಿ ಏನೂ ಇಲ್ಲ, ಕೂತು ಅಭ್ಯಾಸವಷ್ಟೇ.
ದಿನಾ ಅವಳಿಗೊಂದು ಮಂದಾಜಿ, ಒಂದು ಲೋಟ ಚಹಾ.
ಅದು ಖರ್ಚು ಎಂದು ನನಗೆ ಹೊಳೆದೇ ಇರಲಿಲ್ಲ.
ಬರಿ, ಅಂದೆ. ಹೆಸರು ಹಾಕಿ ಬರಿ.
ಒಕೆಚ್ ತಲೆ ತಗ್ಗಿಸಿದ.
ಅವನ ಐವತ್ತಕ್ಕೆ ಹಾಕಲು ಯಾರ ಹೆಸರೂ ಇರಲಿಲ್ಲ.

ಬೆಸುಗೆಯವನಿಂದ ಒಂದು ಪೆಟ್ಟಿಗೆ ಮಾಡಿಸಿದೆವು.
ಮೇಲೊಂದು ಸೀಳು. ಬೀಗವಿಲ್ಲ, ಮುಚ್ಚಳವಿಲ್ಲ.
ತೆಗೆಯಬೇಕೆಂದರೆ ಕೊಯ್ಯಬೇಕು;
ಕೊಯ್ಯಲು ಎಂಬತ್ತು ಶಿಲ್ಲಿಂಗು,
ಮನಸ್ಸು ಬದಲಾಯಿಸುವವರೇ ನನಗೆ ಗಿರಾಕಿ, ಎಂದು ನಕ್ಕ.

ಟಿಲಾಪಿಯಾ ಹೋಗಿ ನಾನು ಮಾರುವ ಒಮೆನಾವೇ ತಟ್ಟೆಗೆ ಬಂತು.
ಒಂದು ತಿಂಗಳು ಸೀಳಿಗೆ ಬಿದ್ದದ್ದು ಸೊನ್ನೆ:
ಬೈಕಿನ ಚೈನು ನುಂಗಿತು, ಸ್ಕ್ಯಾನಿಂಗಿಗೆ ಎತ್ತಿಟ್ಟದ್ದನ್ನೂ.
ಇನ್ನೊಂದು ತಿಂಗಳು ಬಿಸಿಲೇ ಬರದೆ ಮೀನು ನಾರಿತು.
ಹನಿಗೂಡಿದರೆ ಹಳ್ಳ ಅನ್ನುವವರು
ಸೋರುವ ಮಾತು ಆಡುವುದಿಲ್ಲ.

ಆದರೂ ಹೆರಿಗೆಗೆ ಇಷ್ಟು, ಬಟ್ಟೆಗೆ ಇಷ್ಟು,
ನಾನು ಸಂತೆಗೆ ಹೋಗಲಾಗದ ನಲವತ್ತು ದಿನಕ್ಕೆ ಇಷ್ಟು.
ಒಂದು ಮಗುವಿಗೆ ಪೈಸೆ ತಪ್ಪದ ಲೆಕ್ಕ.

ಬೆಳಗಿನ ಜಾವ ಮಗ ಬಂದ.
ನರ್ಸು ಹೊಟ್ಟೆಯ ಮೇಲೆ ಕೈಯಿಟ್ಟು, ಏಳಬೇಡ, ಅಂದಳು.
ನಮ್ಮಲ್ಲಿ ಅವಳಿಗಳಿಗೆ ಹೆಸರು ಹುಡುಕುವ ಕಷ್ಟವಿಲ್ಲ:
ಮೊದಲು ಬಂದವ ಒಪಿಯೋ, ಹಿಂದೆ ಬಂದವ ಒಡೊಂಗೊ.
ಅದೊಂದು ಉಳಿತಾಯ.

ಎಂಬತ್ತು ಕೇಳಿದ್ದ ಬೆಸುಗೆಯವ
ಅವಳಿ ಎಂದು ಕೇಳಿ ಬೆಲೆ ಅರ್ಧ ಇಳಿಸಿದ.
ಪೆಟ್ಟಿಗೆ ಕೊಯ್ದು ಚಾಪೆಯ ಮೇಲೆ ಸುರಿದು ಎಣಿಸಿದರೆ
ಒಂದೂಕಾಲು ಮಗುವಿಗೆ ಆಗುವಷ್ಟು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಹಾಸಿಗೆ ಒಂದು. ಕಾಲು ಈಗ ಹನ್ನೆರಡು.
ಅಡ್ಡಡ್ಡ ಮಲಗುತ್ತೇವೆ.

ನಿನ್ನೆ ಅಕೋಥ್ ಹೊಸ ತಿಂಗಳ ಗೆರೆ ಹಾಕಿದಳು.
ಹಾಳೆಯಲ್ಲಿ ಜಾಗ ಸಾಲದೆ, ಗೊತ್ತಿಲ್ಲ ಎಂಬುದನ್ನು ಉಜ್ಜಿ
ಅದರ ಮೇಲೇ ಒಡೊಂಗೊ ಎಂದು ಬರೆದಳು.
ರಬ್ಬರು ಒಳ್ಳೆಯದಲ್ಲ.
ಅವನ ಹೆಸರಿನಡಿ ಹಳೆಯ ಅಕ್ಷರ ಇನ್ನೂ ಕಾಣುತ್ತದೆ.
ಸಾಬೂನು, ಅಮ್ಮಾ, ಎಷ್ಟು ಬರೆಯಲಿ?
ಎರಡು, ಅಂದೆ. ತಡಿ. ಮೂರು.