ಪಾಟಿ ಮ್ಯಾಲಿನ ಸೂಪು

ಆರು ವಾರ ತಂತಿ, ಅಂದ್ರು ಸೊಲ್ಲಾಪುರದ ಡಾಕ್ಟರು,
ದವಡಿ ಕೂಡೂತನಕ ಬಾಯಿ ತಗಿಯೂಹಂಗಿಲ್ಲ.
ಸೂಪ ಮಾಡಿ ಕುಡಸ್ರಿ, ಮಂದನ್ನ ಸೂಪ, ಕೆನಿ ಹಾಕಿ.
ಮಹಾನಂದಾ ನನ್ನ ಕಡೆ ನೋಡಿದಳು.

ಮೈಂದರ್ಗಿಯಾಗ ನಾನು ಭಟ್ಟಿ ಕೆಲಸದಾಂವ.
ಊರಿಗೆಲ್ಲಾ ಪಾವ ಸುಡತೀನಿ, ಖಾರಿ, ಟೋಸ್ಟ.
ಮನ್ಯಾಗ ಒಂದ ಕಪ್ ಚಾ ಕಾಸಿದ್ದಿಲ್ಲ.

ಆಕಿ ಮಾತು ಈಗ ಪಾಟಿ ಮ್ಯಾಲ.
ಇಂಡಿ ಕಡೆಯಾಕಿ, ಕನ್ನಡ ಸಾಲಿ, ಏಳನೇತ್ತೆ.
ನಂದು ಮರಾಠಿ ಸಾಲಿ. ಕನ್ನಡ ನನಗ
ನಾಲಿಗಿ ಮ್ಯಾಲ ಐತಿ, ಕಣ್ಣಾಗ ಇಲ್ಲ.
ಲಗ್ನ ಆದಾಗಿಂದ ಇದು ಅಡ್ಡ ಬಂದಿದ್ದಿಲ್ಲ;
ಬರದು ಹೇಳೂವಂಥಾ ಮಾತು ನಮ್ಮ ನಡುವ ಏನಿತ್ತು?

ಅದಕ್ಕ ಬಾಜೂಮನಿ ಮಳಸಿದ್ದ ಬಂದ,
ಮೂರನೇತ್ತೆ, ಮೂಗ ಒರಸಗೋತ,
ಬೆರಳಿಟ್ಟು ಓದಿದ: ಕುಂ-ಬ-ಳ-ಕಾ-ಯಿ. ಕೆಂ-ಪಂ-ದು.
ಬಡದ್ರ ಡಬ್ ಅನಬೇಕು.

ದುಧನಿ ಸಂತ್ಯಾಗ ಒಂಬತ್ತು ಕಾಯಿ ಬಡದೆ.
ಕಾಯಿ ಕೊಳ್ತೀಯೋ, ಬಾಗಲಾ ಬಡೀತೀಯೋ, ಅಂದ್ಲು ಮುದುಕಿ.
ಹೆಗಲ ಮ್ಯಾಲ ಇಟಗೊಂಡು ಬಸ್ಸಿಗೆ ಬಂದೆ.
ಬೈಕ್ ಇತ್ತು. ಬೈಕ್ ತಗೀಲಿಲ್ಲ.

ಹೊಸ್ತಿಲದಾಗ ಮಳಸಿದ್ದ ಕುಣದ: ಕುಂಬಳಕಾಯಿ ಕಳ್ಳ!
ಗಾದಿಮಾತು ಅವಗ ಹೊಸದು, ಅದೇ ವಾರ ಕಲಿತಿದ್ದ.
ನನ್ನ ಕೈ ತಾನ ಹೆಗಲಿಗೆ ಹೋತು.
ಹಾಸಗಿ ಮ್ಯಾಲಿಂದ ಆಕಿ ನೋಡಿದಳು.
ಅಕ್ಕಲಕೋಟ ರಸ್ತೆದಾಗ, ಆ ಉಬ್ಬಿನ ಮುಂದ,
ಸಾವಕಾಶ, ಅಂತ ಎರಡ ಸಲ ಅಂದಿದ್ದಳು.
ಆಕಿ ಬಾಯಿಂದ ಬಂದ ಕಡೀ ಮಾತು ಅದು.

ಇಡೀ ಕಾಯಿ ಹೆಂಗಸು ಒಡಿಯೂಹಂಗಿಲ್ಲ,
ಮೊದಲನೇ ಏಟು ಗಂಡಸಂದು.
ಇಷ್ಟ ವರ್ಷ ನನ್ನ ಅಡಗಿ ಅಂದ್ರ ಆ ಒಂದ ಏಟು:
ಹಾಕಿ, ಕೈ ಝಾಡಿಸಿ, ಹೊರಗ ಹೋಗತಿದ್ದೆ.
ಈಗ ಏಟಿನ ಮುಂದಿಂದೆಲ್ಲಾ ನಂದ.

ಬೀಜ ಚೆಲ್ಲಬ್ಯಾಡ, ಅಂತು ಪಾಟಿ.
ಎಣ್ಣಿ ಹಚ್ಚು. ಬಳ್ಳೊಳ್ಳಿ ಇಡು. ಸಿಪ್ಪಿ ಇರಲಿ.

ನಸಿಕಿನ್ಯಾಗ ಪಾವ ಇಳಿಸಿದ ಮ್ಯಾಲ
ಅಬ್ಬಾಸ ಸೇಠ್ ಭಟ್ಟಿ ಕೆದರಲಿಲ್ಲ.
ಉಳಿದ ಬೆಂಕಿ ನಿನ್ನ ಹೆಂಡತೀದು, ಅಂದ.
ಎರಡು ಹೋಳು ಒಳಗ ತಳ್ಳಿ ಕುಂತೆ.
ಪಾವಿನ ವಾಸನಿ ನನ್ನ ಮೂಗಿನಾಗ ಸತ್ತು
ಹತ್ತ ವರ್ಷ ಆತು. ಇದರ ವಾಸನಿ ಬಂತು:
ಹೋಳಗಿ ಹೂರಣ ತಳ ಹಿಡದಂಗ,
ಬೈಸಗೊಂಡರೂ ಮತ್ತೊಮ್ಮೆ ಕೆರಕೊಂಡು ತಿನ್ನೂವಂಥಾದ್ದು.
ಅಂಚು ಕರ್ರಗಾಗಿತ್ತು. ನಡುವ ಚಮಚಾ ತಾನ ಇಳೀತು.

ಮನಿಗೆ ಬರೂದ್ರಾಗ ಕರೆಂಟ್ ಇಲ್ಲ, ಮಿಕ್ಸರ್ ಸುಮ್ಮನ ಕುಂತಿತ್ತು.
ಕಡಗೋಲಲೆ ಕಡದೆ. ಅರಿವ್ಯಾಗ ಸೋಸಿದೆ.
ಒಂದ ನಾರು ಉಳಿದ್ರೂ ತಂತಿಗೆ ಸಿಗತೈತಿ,
ಮತ್ತ ಸೋಸಿದೆ, ಮತ್ತ.
ಎಮ್ಮಿ ಹಾಲಿನ ಕೆನಿ, ಮೆಣಸು, ಚೂರು ಜೀರಗಿ.
ಭಂಡಾರದ ಬಣ್ಣ ಬಂತು ಕಾಕಾ, ಅಂದ ಮಳಸಿದ್ದ,
ಒಂದ ವಾಟಗ ಕುಡದು, ತುಟಿ ನೆಕ್ಕಿ, ಸಾಲಿಗೆ ಓಡಿದ.
ಉಪ್ಪು ಅಂತ ಆಕಿ ನಾಕ ಸಲ ಬರದಿದ್ದಳು,
ನಾಕೂ ಸಲ ಅವ ಬೆರಳಿಟ್ಟು ಓದಿದ್ದ.
ಆ ಒಂದ ಅಕ್ಷರ ನನಗ ಗುರುತಾಗಿತ್ತು, ಬಾಲ ಎತ್ತಿದ ಉ.

ಸಿರಿಂಜಿನಾಗ ತುಂಬಿ ಗಲ್ಲದ ಬದಿಯಿಂದ ಹನಿಸಿದೆ.
ಹಿಟ್ಟ ನಾದೂ ಕೈ ನಂದು, ಅದಕ್ಕ ಹನಿ ಗೊತ್ತಿಲ್ಲ.
ಸಾವಕಾಶ, ಅಂತ ನನಗ ನಾನ ಅಂದೆ.
ಆಕಿ ಕಣ್ಣ ಮುಚ್ಚಿದಳು.
ಅರ್ಧ ವಾಟಗಕ್ಕ ಅರ್ಧ ತಾಸು ಹಿಡೀತು.

ಆಮ್ಯಾಲ ಪಾಟಿ ಬೇಡಿದಳು.
ಎರಡ ಸಾಲು ಬರದು ನನ್ನ ಕೈಯಾಗ ಕೊಟ್ಟಳು.
ಬಾಗಲಾ ಬೆಳಕಿಗೆ ಹಿಡದೆ. ಉ ಹುಡಕಿದೆ.
ಎಲ್ಲೂ ಇಲ್ಲ.
ಉಪ್ಪಿನ ಮಾತಲ್ಲ ಅಂತ ಅಷ್ಟ ತಿಳೀತು.

ಕೇಳಿದೆ. ಕೈ ಮಾಡಿ ಹೇಳಲಿಲ್ಲ,
ಗ್ವಾಡಿ ಕಡೆ ಹೊಳ್ಳಿ ಮಲಗಿದಳು.
ಪಾಟಿ ಒರಸದಂಗ ಬೀಸುಕಲ್ಲಿಗೆ ಆನಿಸಿ ಇಟ್ಟೆ,
ಬೀಜ ತೊಳದು ಬಿಸಲಿಗೆ ಹರವಿದೆ.
ಸಾಲಿ ಬಿಡೂದು ಐದಕ್ಕ.